ಪೊಟ್ಟಣದ ಹಿಟ್ಟೂ ನೈವೇದ್ಯವೂ

ಬೆಂಗಳೂರಿನ ಆರ್‌ಪಿಸಿ ಲೇಔಟಿನ ದಿನಸಿ ಅಂಗಡಿಗಳಲ್ಲಿ ಕೇಕಿನ ಸಿದ್ಧಮಿಶ್ರಣದೊಡನೆ ಜಾಮೂನಿನ ಪೊಟ್ಟಣವೂ ದೊರೆಯುವ ಈ ಕಾಲದಲ್ಲಿ, ಹಬ್ಬದ ಮುನ್ನಾದಿನ ಅನೇಕ ಮನೆಗಳಲ್ಲಿ ಏಳುವ ಪ್ರಶ್ನೆಯೊಂದುಂಟು: ಖೋವವನ್ನು ತಾನೇ ಕಾಯಿಸದೆ, ಪೊಟ್ಟಣದ ಹಿಟ್ಟನ್ನು ನಾದಿ ಕರಿದ ಸಿಹಿಯನ್ನು ದೇವರಿಗೆ ನಿವೇದಿಸಬಹುದೇ? ಅನ್ಯರ ಕೈ ಸೋಕಿದುದು ಮಡಿಯಲ್ಲವೆನ್ನುವವರು, ಪಾಕಕ್ಕೆ ಬಳಸುವ ಸಕ್ಕರೆಯೂ ಕಾರ್ಖಾನೆಯಿಂದಲೇ ಬಂದುದೆಂಬುದನ್ನು ನೆನೆಯಬೇಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಯ ಅಭಾವವಾದಾಗ ರವೆ ಇಡ್ಲಿಯನ್ನು ರೂಪಿಸಿದೆವೆನ್ನುವ, 1924ರಲ್ಲಿ ಆರಂಭಗೊಂಡ ಎಂ.ಟಿ.ಆರ್. ಸಂಸ್ಥೆ, ಮುಂದೆ ಅದನ್ನೇ ಪೊಟ್ಟಣಕ್ಕಿಳಿಸಿತು. ಅದನ್ನು ಫಲಾಹಾರಕ್ಕೆ ಒಪ್ಪಿದ ನಾವು ನೈವೇದ್ಯದಲ್ಲಿ ಮಾತ್ರ ಶಂಕಿಸುತ್ತೇವೆ.

ಗೀತೆಯ ಒಂಬತ್ತನೆಯ ಅಧ್ಯಾಯವು ಹೆಸರಿಸುವ ಪತ್ರ, ಪುಷ್ಪ, ಫಲ, ಜಲಗಳಲ್ಲಿ ಭಕ್ತನು ಸ್ವಹಸ್ತದಿಂದ ನಿರ್ಮಿಸಿದುದು ಒಂದೂ ಇಲ್ಲವಾದುದರಿಂದ, ಎಲ್ಲವನ್ನೂ ನಾನೇ ಮಾಡಿದೆನೆಂಬ ಅಭಿಮಾನವು ಅರ್ಪಣೆಗೆ ಆವಶ್ಯಕವಲ್ಲ. ಆದರೂ, ಹಾಲು ತಳ ಹತ್ತದಂತೆ ಬಹುಹೊತ್ತು ಕೈಯಾಡಿಸುತ್ತಿರುವಾಗ ಚಿತ್ತವು ತಾನಾಗಿ ಏಕಾಗ್ರವಾಗುವುದನ್ನು ಬಲ್ಲವರು ಬಲ್ಲರು. ದುಡಿಮೆಯನ್ನೇ ಪೂಜೆಯೆಂದು ಕಂಡ ಹನ್ನೆರಡನೆಯ ಶತಮಾನದ ಶರಣರಿಗೆ ಈ ಅನುಭವವು ಹೊಸತಾಗಿ ತೋರುತ್ತಿರಲಿಲ್ಲ. ಪೊಟ್ಟಣವು ಅಪಹರಿಸುವುದು ಶುದ್ಧಿಯನ್ನಲ್ಲ, ಆ ಧ್ಯಾನದ ಅವಕಾಶವನ್ನು. ಆದರೆ ಕಚೇರಿಯಿಂದ ದಣಿದು ಬಂದ ತಾಯಿಗೆ ಉಳಿದ ಆ ಗಳಿಗೆಯು ವಿಶ್ರಾಂತಿಯಾಗಿ ಸಲ್ಲುವುದಾದರೆ, ಅದನ್ನು ಪೂಜಾಲೋಪವೆಂದು ನಾನು ಎಣಿಸಲಾರೆ.