ಅಪ್ಪನ ರಿಮೋಟಿನ ಒಂದು ಗುಂಡಿ

ಹಳೆಯ ಟೀವಿ ಕೆಟ್ಟು ಗುಜರಿಗೆ ಹೋಯಿತು. ಅದರ ರಿಮೋಟ್ ಮಾತ್ರ ಉಳಿಯಿತು. ಟೀವಿಯ ಜಾಗದಲ್ಲಿ ಒಂದು ಪರದೆಯನ್ನೂ ಲಿನಕ್ಸ್ ಇರುವ ನನ್ನ ಹಳೆಯ ಕಂಪ್ಯೂಟರನ್ನೂ ಇಟ್ಟೆ. ಅಪ್ಪನಿಗೆ ಕಣ್ಣು ಮಂಜು, ಮೌಸ್ ಕೈಗೆ ಒಗ್ಗಲಿಲ್ಲ. ಆದರೆ ಅಕ್ಷರ ಅಳಿಸಿಹೋದ ಆ ರಿಮೋಟಿನಲ್ಲಿ ಯಾವುದು ಎಲ್ಲಿದೆಯೆಂದು ಅವರ ಹೆಬ್ಬೆರಳಿಗೆ ಗೊತ್ತು. 78ರ ಕೈ ಹೊಸದನ್ನು ಕಲಿಯಬೇಕೋ, ಕಂಪ್ಯೂಟರ್ ಹಳೆಯ ರಿಮೋಟನ್ನು ಕಲಿಯಬೇಕೋ? ಉತ್ತರ ಸುಲಭ ಅನ್ನಿಸಿತ್ತು.

ಯುಎಸ್‌ಬಿ ರಿಸೀವರ್ ಸಿಕ್ಕಿಸಿ, ಐಆರ್-ಕೀಟೇಬಲ್ ಎಂಬ ಪುಟ್ಟ ತಂತ್ರಾಂಶ ಓಡಿಸಿ, ಗುಂಡಿಗಳನ್ನು ಒತ್ತುತ್ತ ಹೋದೆ. (ಹಿಂದೆ ಇದಕ್ಕೆ ಲಿರ್ಕ್ ಬೇಕಾಗುತ್ತಿತ್ತು, ಈಗ ಬಹಳಷ್ಟನ್ನು ಕರ್ನಲ್ಲೇ ನೋಡಿಕೊಳ್ಳುತ್ತದೆ.) ಒಂದೊಂದಕ್ಕೂ ಒಂದೊಂದು ಸಂಖ್ಯೆ ಮೂಡಿತು. ನಮ್ಮದು ಎನ್‌ಇಸಿ ಪದ್ಧತಿಯ ರಿಮೋಟ್: ಕಣ್ಣಿಗೆ ಕಾಣದ ಬೆಳಕು ಸೆಕೆಂಡಿಗೆ ಸುಮಾರು 38,000 ಸಲ ಮಿಣುಕುತ್ತದೆ. ಮೊದಲು 9 ಮಿಲಿಸೆಕೆಂಡಿನ ಒಂದು ಕರೆ, ಆಮೇಲೆ 32 ಬಿಟ್‌ಗಳು. ತಪ್ಪಾಗದಿರಲೆಂದು ಗುಂಡಿಯ ಸಂಖ್ಯೆಯನ್ನು ಒಮ್ಮೆ ಇದ್ದ ಹಾಗೆ, ಇನ್ನೊಮ್ಮೆ ಸೊನ್ನೆ-ಒಂದುಗಳನ್ನು ಅದಲುಬದಲು ಮಾಡಿ ಕಳಿಸುತ್ತದೆ. ಇಷ್ಟೆಲ್ಲ ಜೋಪಾನ ಮಾಡುವ ರಿಮೋಟಿಗೆ ಮಾತು ತಲುಪಿತೋ ಇಲ್ಲವೋ ತಿಳಿಯುವ ದಾರಿಯೇ ಇಲ್ಲ. 'ಧ್ವನಿ ಹೆಚ್ಚಿಸು' ಎಂದೂ ಅದು ಹೇಳುವುದಿಲ್ಲ, ಬರೀ ಸಂಖ್ಯೆ. ಅದಕ್ಕೆ ಅರ್ಥ ಕೊಡುವುದು ನಾನು ಕಂಪ್ಯೂಟರಿನಲ್ಲಿ ಬರೆಯುವ ಪಟ್ಟಿ.

ಮೊದಲ ವಾರ ಎಲ್ಲ ಗುಂಡಿಗಳೂ ಕೆಲಸ ಮಾಡಿದವು. ಅಪ್ಪ ಮೆನು ಒತ್ತಿ ಸೆಟ್ಟಿಂಗುಗಳಲ್ಲಿ ದಾರಿತಪ್ಪಿ, ಆಫೀಸಿನಲ್ಲಿದ್ದ ನನಗೆ ಫೋನು ಮಾಡುತ್ತಿದ್ದರು. ಮೂರನೆಯ ಫೋನು ಬಂದ ರಾತ್ರಿ ಪಟ್ಟಿಯಿಂದ ಆ ಒಂದು ಸಾಲನ್ನು ಅಳಿಸಿದೆ.

"ಈ ಗುಂಡಿ ಹೋಯ್ತು ಕಣೋ," ಅಂದರು.

"ಹಳೇದಲ್ವಾ ಅಪ್ಪ, ಸವೆದಿರಬೇಕು," ಅಂದೆ.

ಮಕ್ಕಳಿರುವ ಮನೆಯಲ್ಲಿ ಚಾಕುವನ್ನು ಮೇಲಿಡುತ್ತೇವೆ, ಯಾರೂ ಅದನ್ನು ಮೋಸ ಎನ್ನುವುದಿಲ್ಲ. ಮಗು ಬೆಳೆದ ಮೇಲೆ ಚಾಕು ಕೆಳಗೆ ಬರುತ್ತದೆ. ಅಪ್ಪನಿಗೆ ಅಂಥ ದಿನವನ್ನು ನಾನು ಇಟ್ಟಿರಲೇ ಇಲ್ಲ. ಅದಕ್ಕಿಂತ ಚುಚ್ಚಿದ್ದು ಬೇರೆ. ತಿಂಗಳುಗಟ್ಟಲೆ ಅವರು ಆ ಗುಂಡಿಯನ್ನು ಒತ್ತಿ ಒತ್ತಿ ನೋಡಿದರು, ಬ್ಯಾಟರಿ ತೆಗೆದು ಹಾಕಿದರು, ಕೊನೆಗೆ ತಮ್ಮ ಬೆರಳಲ್ಲೇ ಬಲವಿಲ್ಲವೆಂದುಕೊಂಡರು. ಅವರ ಒಳ್ಳೆಯದಕ್ಕೇ ಮಾಡಿದೆ ಎಂದು ನಾನು ನಂಬಿದ್ದೆ. ಫೋನಿನ ಕಾಟ ತಪ್ಪಿದ್ದು ನನಗೆ, ಅನುಮಾನ ಹತ್ತಿದ್ದು ಅವರಿಗೆ.

ಕಳೆದ ಭಾನುವಾರ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ನಡೆದದ್ದನ್ನು ಹೇಳಿ, ಆ ಸಾಲನ್ನು ಮತ್ತೆ ಬರೆದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಾಗಾದ್ರೆ ನನ್ನ ಬೆರಳು ಸರಿಯಾಗೇ ಇದೆ," ಅಂದರು.

ಸೋಮವಾರ ಮಧ್ಯಾಹ್ನ 12ಕ್ಕೆ ಮೊದಲ ಫೋನು ಬಂತು.