ಯಾತರಾಗ ಮಾಡಿದ್ದು, ಯಾರು ಮಾಡಿದ್ದು

ತಾರಿಹಾಳದ ಕೈಗಾರಿಕಾ ಪ್ರದೇಶದಲ್ಲಿ ನನ್ನದೊಂದು ಸಣ್ಣ ಲೇತ್ ವರ್ಕ್‌ಶಾಪ್ ಇದೆ. ಬುಶ್, ಪಿನ್ನು, ಶಾಫ್ಟು ನಮ್ಮ ನಿತ್ಯದ ಜಾಬು. ಮೂವತ್ತು ವರ್ಷ ಇದನ್ನೇ ಮಾಡಿ ಒಂದು ಚಾಳಿ ಅಂಟಿಕೊಂಡಿದೆ: ಯಾರ ಕೈಯಲ್ಲಿ ಶಾಫ್ಟು ಕಂಡರೂ ಇಸಿದುಕೊಂಡು ಅದರ ತುದಿ ನೋಡುತ್ತೇನೆ. ನಟ್ಟನಡುವೆ ಸಣ್ಣ ಕುಳಿ ಇದ್ದರೆ ಎರಡು ಸೆಂಟರ್ ನಡುವೆ ಹಿಡಿದು ತಿರುಗಿಸಿದ್ದು. ಮೈಮೇಲೆ ಮೂರು ಕಡೆ ಸಮ ಅಂತರದಲ್ಲಿ ಅಮುಕಿದ ಕಲೆ ಇದ್ದರೆ ಮೂರು ಜಾ ಚಕ್ಕಿನಲ್ಲಿ ಹಿಡಿದದ್ದು. ಉಗುರಿಗೆ ಗೆರೆ ತಾಗಿದರೆ ಟರ್ನಿಂಗ್, ತಾಗದೆ ನುಣ್ಣಗಿದ್ದರೆ ಗ್ರೈಂಡಿಂಗ್. ಆದರೆ ತಿರುಗಿಸಿದ ಟರ್ನರ್ ಯಾರು, ಅವನು ಅವತ್ತು ಉಂಡು ಬಂದಿದ್ದನೋ ಉಪವಾಸವಿದ್ದನೋ, ಅದನ್ನು ಯಾವ ಶಾಫ್ಟೂ ನನಗೆ ಹೇಳಿಲ್ಲ.

ಈ ಮಾತು ಮತ್ತೆ ನೆನಪಾದದ್ದು ನಮ್ಮ ವರ್ಕ್‌ಶಾಪಿನ ವೆಬ್‌ಸೈಟಿನಿಂದ. ಅದನ್ನು ಮಾಡಿಕೊಟ್ಟ ಹುಡುಗ ಊರು ಬಿಟ್ಟಿದ್ದ, ಅವನ ಫೋನ್ ನಂಬರೂ ಬದಲಾಗಿತ್ತು. ನನ್ನ ಬಳಿ ಉಳಿದದ್ದು ಪೆನ್‌ಡ್ರೈವಿನಲ್ಲಿದ್ದ ಒಂದು ಫೋಲ್ಡರ್ ಮಾತ್ರ. ಒಂದು ಭಾನುವಾರ ಅಕ್ಕನ ಮಗ ಅದನ್ನು ಬಿಚ್ಚಿ ಕುಳಿತ. ಪ್ಯಾಕೇಜ್ ಡಾಟ್ ಜೇಸನ್ ಎಂಬ ಕಡತದಲ್ಲಿ ‘ರಿಯಾಕ್ಟ್-ಸ್ಕ್ರಿಪ್ಟ್ಸ್’ ಎಂಬ ಹೆಸರು ಕಂಡದ್ದೇ ತಡ, “ಮಾಮಾ, ಇದು ಕ್ರಿಯೇಟ್ ರಿಯಾಕ್ಟ್ ಆ್ಯಪ್‌ದಾಗ ಎಬ್ಬಿಸಿದ್ದು” ಎಂದ.

ಅದು ವೆಬ್‌ಸೈಟ್ ಎಬ್ಬಿಸುವ ಒಂದು ಸಲಕರಣೆ. ಹೇಗೆ ಗೊತ್ತಾಯಿತು ಎಂದೆ. ನಾನು ಶಾಫ್ಟಿನ ತುದಿ ತೋರಿಸುವ ಹಾಗೆ ಅವನು ಒಂದೊಂದೇ ತೋರಿಸಿದ. ವೀಟ್ ಎಂಬ ಹೊಸ ಸಲಕರಣೆಯಲ್ಲಿ ಮಾಡಿದ್ದರೆ ಸಾಮಾನ್ಯವಾಗಿ ಅದರ ಹೆಸರಿನದೇ ಕಾನ್ಫಿಗ್ ಕಡತ ಇರುತ್ತಿತ್ತು, ತಯಾರಾದ ಮಾಲು ‘ಡಿಸ್ಟ್’ ಫೋಲ್ಡರಿಗೆ ಬೀಳುತ್ತಿತ್ತು. ಇಲ್ಲಿ ಬಿದ್ದಿರುವುದು ‘ಬಿಲ್ಡ್’ ಫೋಲ್ಡರಿಗೆ. ‘ಪ್ಯಾಕೇಜ್-ಲಾಕ್’ ಇರುವುದರಿಂದ ಸಾಮಾನು ತರಿಸಿದ್ದು ಎನ್‌ಪಿಎಂ ಮೂಲಕ. ಯಾರ್ನ್ ಆಗಿದ್ದರೆ ಲಾಕ್ ಕಡತದ ಹೆಸರೇ ಬೇರೆ. ಒಳಗೆ ಓಡುತ್ತಿರುವುದು ವೆಬ್‌ಪ್ಯಾಕ್, ಆದರೆ ಗೇರ್‌ಬಾಕ್ಸಿನಂತೆ ಮುಚ್ಚಿಟ್ಟಿದ್ದಾರೆ. ‘ಎಜೆಕ್ಟ್’ ಎಂಬ ಆದೇಶ ಕೊಟ್ಟಿದ್ದರೆ ಆ ಮುಚ್ಚಳ ಕಳಚಿ ವೆಬ್‌ಪ್ಯಾಕಿನ ಕಡತಗಳು ಹೊರಬೀಳುತ್ತಿದ್ದವು, ರಿಯಾಕ್ಟ್-ಸ್ಕ್ರಿಪ್ಟ್ಸ್ ಎಂಬ ಹೆಸರು ಅಳಿಸಿಹೋಗುತ್ತಿತ್ತು.

“ಯಾತರಾಗ ಮಾಡ್ಯಾರಂತ ಹೇಳಬಹುದು ಮಾಮಾ, ಯಾರ ಮಾಡ್ಯಾರಂತ ಇದನ್ನ ನೋಡಿ ಹೆಂಗ ಹೇಳೂದು?”

ಈ ಪ್ರಶ್ನೆ ಹಳೆಯದು. ಸಾವಿರ ವರ್ಷದ ಹಿಂದೆ ಮಿಥಿಲೆಯ ಉದಯನಾಚಾರ್ಯರು ‘ನ್ಯಾಯಕುಸುಮಾಂಜಲಿ’ಯಲ್ಲಿ ದೇವರಿದ್ದಾನೆ ಎಂದು ಸಾಧಿಸಲು ಹಿಡಿದ ಮುಖ್ಯ ದಾರಿಗಳಲ್ಲಿ ಇದೂ ಒಂದು: ಗಡಿಗೆ ಒಂದು ಕಾರ್ಯ, ಅದಕ್ಕೊಬ್ಬ ಕುಂಬಾರ ಇದ್ದಾನೆ, ಜಗತ್ತೂ ಕಾರ್ಯವೇ, ಅದಕ್ಕೂ ಒಬ್ಬ ಕರ್ತೃ ಇರಲೇಬೇಕು. ಉದಯನರ ಪಂಥದ ನೈಯಾಯಿಕರು ಕಾರಣಗಳನ್ನು ಬೇರೆಬೇರೆಯಾಗಿ ಎಣಿಸುತ್ತಾರೆ. ಮಣ್ಣು ಒಂದು ಬಗೆಯ ಕಾರಣ, ಕುಂಬಾರ ಇನ್ನೊಂದು ಬಗೆ, ಅವನ ಕೋಲು ಮತ್ತು ತಿಗರಿ ನೆರವಿಗೆ ನಿಂತವು. ಈ ಲೆಕ್ಕ ನನಗೆ ಒಪ್ಪಿತ. ಆದರೆ ಟರ್ನರ್ ಆಗಿ ಒಂದು ತಕರಾರಿದೆ: ಗಡಿಗೆಯ ಮೈಮೇಲೆ ಗುರುತು ಬಿಟ್ಟಿರುವುದು ತಿಗರಿ. ತಿಗರಿಯಿಂದ ಕುಂಬಾರನಿಗೆ ನಾವು ಹಾರುವುದು ಕುಂಬಾರರನ್ನು ಕಣ್ಣಾರೆ ಕಂಡಿದ್ದರಿಂದ. ಜಗತ್ತು ಮಾಡುವವರನ್ನು ಎಲ್ಲಿ ಕಂಡಿದ್ದೇವೆ?

ನನಗಿಂತ ಮೊದಲೇ ದೊಡ್ಡವರು ಈ ತಕರಾರು ತೆಗೆದಿದ್ದರು. ರಾಷ್ಟ್ರಕೂಟರ ಕಾಲದ ಜಿನಸೇನಾಚಾರ್ಯರು ತಮ್ಮ ಆದಿಪುರಾಣದಲ್ಲಿ ಲೋಕಕ್ಕೆ ಕರ್ತೃವೇ ಇಲ್ಲ, ಅದು ಅನಾದಿ ಎಂದರು. ದೇವರನ್ನು ನಂಬಿದ ರಾಮಾನುಜರೂ ಶ್ರೀಭಾಷ್ಯದಲ್ಲಿ ಈ ಅನುಮಾನದ, ಅಂದರೆ ಊಹೆಯ, ದಾರಿಯನ್ನು ಮುಚ್ಚಿದರು. ದೊಡ್ಡ ಕಟ್ಟಡಗಳನ್ನು ಹಲವರು, ಹಲವು ಕಾಲದಲ್ಲಿ ಕಟ್ಟುತ್ತಾರೆ. ಹಾಗಿರುವಾಗ ಜಗತ್ತನ್ನು ನೋಡಿ ಒಬ್ಬನೇ ಕರ್ತೃ ಎಂದು ಊಹಿಸುವುದು ಹೇಗೆ? ದೇವರು ಗೊತ್ತಾಗುವುದು ಶಾಸ್ತ್ರದಿಂದ, ಊಹೆಯಿಂದಲ್ಲ ಎಂಬುದು ಅವರ ನಿಲುವು. ನಮ್ಮ ಫೋಲ್ಡರಿನಲ್ಲೇ ನೋಡಿ: ಒಬ್ಬ ಹುಡುಗ ಮಾಡಿದ್ದು ಎಂದು ನಾನು ತಿಳಿದಿದ್ದ ಸೈಟಿನೊಳಗೆ ಸಾವಿರಕ್ಕೂ ಮೇಲ್ಪಟ್ಟು ಪ್ಯಾಕೇಜುಗಳಿದ್ದವು, ಅವನ್ನು ಬರೆದವರು ಹಲವರು.

ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿಗೆ ಹೋದಾಗಲೂ ನನ್ನದು ಇದೇ ಪಾಡು. ಲಿಂಗಕ್ಕೆ ಕೈಮುಗಿಯುವ ಮೊದಲೇ ಕಣ್ಣು ಕಂಬದ ಕಡೆ ಹೋಗುತ್ತದೆ. ಚಾಲುಕ್ಯರ ಕಾಲದ ಕಂಬಗಳಲ್ಲಿ ಲೇತಿಗೆ ಕಟ್ಟಿ ತಿರುಗಿಸಿದಂಥ ದುಂಡು ಕಂಡರೆ ಹಿಡಿದದ್ದು ಹೇಗೆ, ತಿರುಗಿಸಿದ್ದು ಹೇಗೆ ಎಂದು ಯೋಚಿಸುತ್ತ ನಿಲ್ಲುತ್ತೇನೆ. ತಿರುಗಿಸಿದವನ ಹೆಸರನ್ನು ಆ ದುಂಡಿನಲ್ಲಿ ಓದಲು ನನಗೆ ಬಂದಿಲ್ಲ.

“ಶಾಸ್ತ್ರ ಐತೇನು ನೋಡಪಾ ಇದರಾಗ” ಎಂದು ಅಳಿಯನಿಗೆ ತಮಾಷೆ ಮಾಡಿದೆ. ಇತ್ತು. ರೀಡ್‌ಮಿ ಎಂಬ ಕಡತ. ತೆರೆದರೆ ಅದರಲ್ಲಿ ಆ ಹುಡುಗನದೊಂದು ಅಕ್ಷರವೂ ಇಲ್ಲ. ಹೊಸ ಕೆಲಸ ಎಬ್ಬಿಸಿದಾಗ ಆ ಸಲಕರಣೆ ತಾನೇ ಇಟ್ಟುಹೋಗುವ ಸಿದ್ಧ ಪಾಠ ಅದು. ಅಳಿಯ ನಕ್ಕ. ನಾನು ನಗಲಿಲ್ಲ, ನನಗೆ ಮೀಮಾಂಸಕರು ನೆನಪಾದರು. ವೇದಕ್ಕೆ ಬರೆದವರಿಲ್ಲ, ಅದು ಅಪೌರುಷೇಯ ಎಂದವರು ಅವರು. ಅದರ ತಿರುಳು ಇರುವುದು ‘ಇದನ್ನು ಮಾಡು’ ಎಂಬ ವಿಧಿಯಲ್ಲಿ ಎಂದವರೂ ಅವರೇ. ರೀಡ್‌ಮಿಗೂ ಪುಣ್ಯಾತ್ಮನೊಬ್ಬ ಎಲ್ಲೋ ಇದ್ದಾನು, ಹೋಲಿಕೆಯನ್ನು ತೀರ ಜಗ್ಗಬಾರದು. ಆದರೂ ಅದು ತನ್ನನ್ನು ಬರೆದವರು ಯಾರೆಂದು ಹೇಳದೆ ಮಾಡಬೇಕಾದದ್ದನ್ನು ಹೇಳಿತ್ತು: ‘ಎನ್‌ಪಿಎಂ ಸ್ಟಾರ್ಟ್’. ಅಳಿಯ ಬೇಕಾದ ಪ್ಯಾಕೇಜುಗಳನ್ನು ತರಿಸಿಕೊಂಡು ಅದನ್ನೇ ಟೈಪ್ ಮಾಡಿದ. ನಮ್ಮ ವರ್ಕ್‌ಶಾಪಿನ ಹಳೆಯ ಬೋರ್ಡು ಪರದೆಯ ಮೇಲೆ ಮೂಡಿತು.

ಕ್ರಿಯೇಟ್ ರಿಯಾಕ್ಟ್ ಆ್ಯಪ್ 2016ರಲ್ಲಿ ಬಂದದ್ದು. 2025ರ ಫೆಬ್ರುವರಿಯಲ್ಲಿ ಅದನ್ನು ನಡೆಸುವವರೇ ಹೊಸ ಕೆಲಸಕ್ಕೆ ಇದನ್ನು ಬಳಸಬೇಡಿ ಎಂದು ಸಾರಿದರು. ಹತ್ತು ವರ್ಷ ತುಂಬುವುದರೊಳಗೆ ಸಲಕರಣೆಯೂ ಮುದಿಯಾಯಿತು. ಯಾತರಾಗ ಮಾಡಿದ್ದು ಎಂದು ತಿಳಿಯುವುದರ ಬೆಲೆ ಇಲ್ಲಿದೆ: ಮುಂದಿನ ರಿಪೇರಿ ಅದರ ಮೇಲೆ ನಿಂತಿದೆ. ಯಾರು ಮಾಡಿದ್ದು ಎಂಬುದು ತಿಳಿಯದಿದ್ದರೂ ಕೆಲಸ ನಿಲ್ಲುವುದಿಲ್ಲ. ನಮ್ಮಲ್ಲಿ ಖಂಡೇಪೂಜೆಯ ದಿನ ಕುಂಕುಮ ಹಚ್ಚುವುದು ಲೇತಿಗೆ, ಅದನ್ನು ಮಾಡಿದವನು ಯಾರೆಂದು ಯಾರೂ ಕೇಳುವುದಿಲ್ಲ. ದೇವರ ವಿಷಯದಲ್ಲೂ ನಾನು ಬಂದು ನಿಂತಿರುವುದು ಇಲ್ಲೇ. ಮಾಡಿದವನ ವಿಳಾಸ ಹುಡುಕುವ ಹಟ ಬಿಟ್ಟಿದ್ದೇನೆ, ಕೈಗೆ ಬಂದದ್ದನ್ನು ಕೆಡದಂತೆ ನಡೆಸುವ ಹೊಣೆ ಬಿಟ್ಟಿಲ್ಲ.

ಅಳಿಯ ಸೈಟನ್ನು ವೀಟ್‌ಗೆ ಬದಲಾಯಿಸಿದ. ಕಡೆಗೆ, “ರೀಡ್‌ಮಿದಾಗ ನಮ್ಮ ಹೆಸರು ಹಾಕಲೇನು ಮಾಮಾ?” ಎಂದ. “ಹಾಕು, ಆದರ ಕೆಳಗ ಹಾಕು. ಮ್ಯಾಲೆ ಹೆಂಗ ಚಾಲೂ ಮಾಡೂದಂತ ಬರಿ” ಎಂದೆ. ಈಗ ಅದರಲ್ಲಿ ಕನ್ನಡದ ಒಂಬತ್ತು ಸಾಲುಗಳಿವೆ. ನಮ್ಮ ಹೆಸರು ಒಂಬತ್ತನೆಯದು.