ಹೆಸರು ಬದಲಾಯಿತು, ಹಲಗೆ ಬದಲಾಯಿತೇ?



*ಇಂದಿನ ಧಮ್ಮ ಚಿಂತನೆ*

ಧಮ್ಮ ಬಂಧುಗಳೇ,

1892ರ ಚಳಿಗಾಲ. ಅಮೆರಿಕದ ಬಾಸ್ಟನ್ ನಗರದಲ್ಲಿ ಜೋಶುವಾ ಸ್ಲೋಕಮ್ ಎಂಬ ಕ್ಯಾಪ್ಟನ್ ಕೆಲಸವಿಲ್ಲದೆ ಇದ್ದರು. ಉಗಿ ಹಡಗುಗಳು ಬಂದು ಹಾಯಿ ಹಡಗುಗಳ ಕಾಲ ಮುಗಿಯುತ್ತಿತ್ತು. ಪರಿಚಯದ ಇನ್ನೊಬ್ಬ ಕ್ಯಾಪ್ಟನ್ ಅವರಿಗೆ ಒಂದು ದೋಣಿಯನ್ನು ಉಚಿತವಾಗಿ ಕೊಟ್ಟರು, ಸ್ವಲ್ಪ ರಿಪೇರಿ ಬೇಕು ಅಷ್ಟೆ ಎಂದರು. ಫೇರ್‌ಹೇವನ್ ಎಂಬ ಊರಿಗೆ ಹೋಗಿ ನೋಡಿದರೆ, 'ಸ್ಪ್ರೇ' ಎಂಬ ಆ ಮುದಿ ಹಾಯಿದೋಣಿ ಸಮುದ್ರದಿಂದ ದೂರ, ಒಂದು ಹೊಲದಲ್ಲಿ ನಿಂತಿತ್ತು. ಒಡೆದು ಹಾಕಲು ಬಂದಿರಾ ಎಂದು ಊರವರು ಕೇಳಿದರು. ಇಲ್ಲ, ಮತ್ತೆ ಕಟ್ಟುತ್ತೇನೆ ಎಂದರು ಸ್ಲೋಕಮ್.

ಹತ್ತಿರದ ಓಕ್ ಮರ ಕಡಿದು ದೋಣಿಗೆ ಹೊಸ ಬೆನ್ನೆಲುಬು ಮಾಡಿದರು. ಎಳೆಯ ಮರಗಳನ್ನು ಹಬೆಯಲ್ಲಿ ಬೇಯಿಸಿ, ಮೆತ್ತಗಾದ ಮೇಲೆ ಬಾಗಿಸಿ ಪಕ್ಕೆಲುಬು ಮಾಡಿದರು. ಹಳೆಯ ಹಲಗೆಗಳ ಜಾಗಕ್ಕೆ ಹೊಸ ಪೈನ್ ಹಲಗೆ ಹಾಕಿದರು. ಸಂದಿಗಳಿಗೆ ಮೊದಲು ಹತ್ತಿಯ ಎಳೆ, ಅದರ ಮೇಲೆ ನಾರು ತುಂಬಿ ಬಡಿದರು. ಬಣ್ಣ ಬಳಿದದ್ದು ಕೊನೆಗೆ. ಒಟ್ಟು 13 ತಿಂಗಳ ದುಡಿಮೆ, ಸಾಮಾನಿಗೆ 553 ಡಾಲರ್ 62 ಸೆಂಟ್ ಖರ್ಚು. 1895ರ ಏಪ್ರಿಲ್ 24ರಂದು ಅದೇ ದೋಣಿಯಲ್ಲಿ ಬಾಸ್ಟನ್ ಬಿಟ್ಟರು. 1898ರ ಜೂನ್‌ನಲ್ಲಿ, ಒಬ್ಬರೇ ಇಡೀ ಜಗತ್ತು ಸುತ್ತಿ ಬಂದ ಮೊದಲಿಗರಾಗಿ ವಾಪಸಾದರು.

ಬರೀ ಬಣ್ಣ ಬಳಿದಿದ್ದರೂ ದಡದಲ್ಲಿ ನಿಂತವರಿಗೆ ದೋಣಿ ಹೊಸದಾಗಿಯೇ ಕಾಣುತ್ತಿತ್ತು. ಆದರೆ ಅಟ್ಲಾಂಟಿಕ್ ಸಾಗರ ಬಣ್ಣ ನೋಡುವುದಿಲ್ಲ. ಮುಳುಗಲು ಒಂದು ಕೊಳೆತ ಹಲಗೆ ಸಾಕು.

ಬಂಧುಗಳೇ, ಅಷ್ಟೆಲ್ಲ ಹೊಸದಾದ ಮೇಲೂ ದೋಣಿಯ ಹೆಸರು ಸ್ಪ್ರೇ ಎಂದೇ ಉಳಿಯಿತು. ನಾಗಸೇನ ಭಂತೇಜಿ ಮಿಲಿಂದ ರಾಜನಿಗೆ ರಥ ತೋರಿಸಿ ಹೇಳಿದ್ದೂ ಇದನ್ನೇ. ಗಾಲಿ, ಅಚ್ಚು, ನೊಗ ಎಲ್ಲ ಸೇರಿದರೆ ರಥ ಎನ್ನುತ್ತೇವೆ, ಅದು ಕರೆಯಲು ಒಂದು ಹೆಸರು ಅಷ್ಟೆ. ಸ್ಲೋಕಮ್ ಹೆಸರು ಉಳಿಸಿಕೊಂಡು ಹಲಗೆ ಬದಲಿಸಿದರು. ನಾವು ಹೆಸರು ಬದಲಿಸಿ ಹಲಗೆ ಉಳಿಸಿಕೊಂಡೆವಾ?

ಈ ಪ್ರಶ್ನೆ ಮೊದಲು ನನಗೇ. ಹೋದ ವರ್ಷ ಮಗಳಿಗೆ ಒಂದು ಸಂಬಂಧ ಬಂತು. ಅವರೂ ದೀಕ್ಷೆ ತೆಗೆದುಕೊಂಡವರೇ. ಆದರೂ ನನ್ನ ಬಾಯಿಂದ ಮೊದಲು ಬಂದ ಮಾತು, "ಅವರು ಬಲಗೈಯವರೋ, ಎಡಗೈಯವರೋ?" ಗೋಡೆಯ ಮೇಲೆ ಬುದ್ಧ, ಬಾಬಾಸಾಹೇಬರ ಫೋಟೋ. ಮಗಳು ಕೇಳಿದಳು, "ಅಪ್ಪಾ, ನಾವು ಬೌದ್ಧರಲ್ವಾ?" ನನಗೆ ಉತ್ತರ ಬರಲಿಲ್ಲ. ಮನುಷ್ಯರೆಲ್ಲ ಸಮಾನರು ಎಂಬ ಪ್ರತಿಜ್ಞೆಯನ್ನು 22 ಪ್ರತಿಜ್ಞೆಗಳ ಜೊತೆ ಎಷ್ಟು ಸಲ ಗಟ್ಟಿಯಾಗಿ ಹೇಳಿದ್ದೆ! ಆ ಹಲಗೆ ಒಳಗೆ ಹಾಗೆಯೇ ಇತ್ತು.

ದೀಕ್ಷೆ ಸುಳ್ಳಲ್ಲ. ದೀಕ್ಷೆ ಎಂದರೆ ದೋಣಿ ನಮ್ಮ ಕೈಗೆ ಬಂದ ದಿನ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಅದನ್ನು ನಮಗೆ ಕೊಟ್ಟರು. ಡಿಸೆಂಬರ್ 6ರಂದು ಪರಿನಿಬ್ಬಾಣ ಹೊಂದಿದರು. ಹಲಗೆ ಬದಲಿಸುವ ಕೆಲಸ ನಮ್ಮ ಪಾಲಿಗೆ ಉಳಿಯಿತು. ಅದು ಒಂದು ದಿನದ ಕೆಲಸವಲ್ಲ. ಮರ ಬಾಗಬೇಕಾದರೆ ಹಬೆಯಲ್ಲಿ ಬೇಯಬೇಕು. ಮನಸ್ಸೂ ಹಾಗೆಯೇ, ಪ್ರತಿದಿನದ ಶೀಲ ಮತ್ತು ಧ್ಯಾನದಿಂದಲೇ ಮೆತ್ತಗಾಗುತ್ತದೆ.

ಧಮ್ಮಪದದ ಭಿಕ್ಖು ವಗ್ಗದಲ್ಲಿ ಭಗವಾನರು ದೋಣಿಯೊಳಗಿನ ನೀರನ್ನು ಹೊರಗೆ ಚೆಲ್ಲಲು ಹೇಳುತ್ತಾರೆ. ರಾಗ, ದ್ವೇಷ ಕಡಿದರೆ ದೋಣಿ ಹಗುರವಾಗುತ್ತದೆ ಎನ್ನುತ್ತಾರೆ. ಚೆಲ್ಲೋಣ. ಜೊತೆಗೆ ನೀರು ಎಲ್ಲಿಂದ ಒಳಗೆ ಬರುತ್ತಿದೆ ಎಂದೂ ನೋಡೋಣ.

*ಇಂದಿನ ಅಭ್ಯಾಸ:* ರಾತ್ರಿ ಬುದ್ಧ ವಂದನೆಯ ನಂತರ ಐದು ನಿಮಿಷ ಮೌನವಾಗಿ ಕೂರಿ. ನಿಮ್ಮೊಳಗಿನ ಒಂದೇ ಒಂದು ಕೊಳೆತ ಹಲಗೆಯನ್ನು ಗುರುತಿಸಿ. ಉಪಜಾತಿಯ ಮಾತಿರಬಹುದು, ರಾಹುಕಾಲದ ಭಯವಿರಬಹುದು, ಹೆಂಡತಿಯ ಮೇಲೆ ಏರಿಸುವ ದನಿಯಿರಬಹುದು. ಈ ತಿಂಗಳು ಅದೊಂದನ್ನು ಬದಲಿಸಿ.

ನಾನು ನನ್ನದನ್ನು ಶುರುಮಾಡಿದ್ದೇನೆ. ಆ ಮನೆಯವರು ಬರುವ ಭಾನುವಾರ ನಮ್ಮಲ್ಲಿಗೆ ಊಟಕ್ಕೆ ಬರುತ್ತಿದ್ದಾರೆ.

ಭವತು ಸಬ್ಬ ಮಂಗಲಂ
ಸಾಧು! ಸಾಧು! ಸಾಧು!